ಓಲೆ ಜೊತೆ ಬಂದ ಕಾರ್ಡಿನಲ್ಲಿ "ಇಎಫ್ ವಿವಿಎಸ್" ಅಂತ ಇದೆ, ನಂಬಬಹುದಾ?

ಶರಾವತಿ ತೀರದವಳು:
ಮಗಳ ಮದುವೆ ಮಾಘದಲ್ಲಿ. ನಮ್ಮ ಅಜ್ಜಿಯ ಏಳು ಕಲ್ಲಿನ ವಜ್ರದ ಓಲೆ ನನ್ನ ಹತ್ತಿರ ಇದೆ. ಅಜ್ಜಿ ಹಾಕಿಕೊಂಡರು, ಅಮ್ಮ ಹಾಕಿಕೊಂಡರು, ನಾನೂ ಹಾಕಿಕೊಂಡೆ. ಮಗಳಿಗೆ ಅದು ಹಳೇ ಸ್ಟೈಲ್ ಅಂತೆ, ತಿರುಪೂ ಸವೆದಿದೆ. ಬದಲಾಯಿಸೋಣ ಅಂತ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ.

ಅವರು ಹೊಸ ಓಲೆ ತೋರಿಸಿದರು, ಜೊತೆಗೊಂದು ಕಾರ್ಡು, ಎಟಿಎಂ ಕಾರ್ಡಿನಷ್ಟೇ ದೊಡ್ಡದು. 14 ಕಲ್ಲು, ಒಟ್ಟು 0.84 ಕ್ಯಾರಟ್, ಬಣ್ಣ ಇಎಫ್, ಕ್ಲಾರಿಟಿ ವಿವಿಎಸ್ ಅಂತ ಬರೆದಿದೆ. ಮೂಲೆಯಲ್ಲಿ ಮಿರಿಮಿರಿ ಹೊಲೋಗ್ರಾಂ. "ಮೇಡಂ ಇದು ಸರ್ಟಿಫೈಡ್, ನಿಮ್ಮದಕ್ಕೆ ಸರ್ಟಿಫಿಕೇಟ್ ಇಲ್ಲ, ಹಳೇ ಕಟಿಂಗ್, ಕಲ್ಲು ಹಳದಿ" ಅಂದು ನನ್ನ ಓಲೆಗೆ ಚಿನ್ನದ ಬೆಲೆ ಮೇಲೆ ಏನೋ ಚಿಲ್ಲರೆ ಸೇರಿಸಿ ಹೇಳಿದರು. ಸುಮ್ನೆ ಎದ್ದು ಬಂದೆ. ಈ ಕಾರ್ಡು ಅಂದರೆ ಏನು? ಗೊತ್ತಿರುವವರು ಹೇಳಿ.

ಹಾಸನದ ಹುಡುಗ:
ಅಕ್ಕ, ಹಾಲ್‌ಮಾರ್ಕ್ ಇದ್ದರೆ ಸಾಕಲ್ವಾ? ಸರ್ಕಾರದ್ದೇ ಮುದ್ರೆ.

ತಿರುಪು_ಓಲೆ:
ಸಾಕಾಗಲ್ಲ ತಮ್ಮ. ಹಾಲ್‌ಮಾರ್ಕ್ ಬರೀ ಚಿನ್ನಕ್ಕೆ. ಬಿಐಎಸ್ ಗುರುತು, 750 ಅಥವಾ 916 ಅನ್ನೋ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಬಿಐಎಸ್ ಕೇರ್ ಆ್ಯಪಿಗೆ ಆ ನಂಬರ್ ಹಾಕಿದರೆ ಚಿನ್ನದ ವಿವರ ಬರುತ್ತದೆ. ಆ ಚಿನ್ನದಲ್ಲಿ ಕೂತಿರೋದು ವಜ್ರವೋ, ಅಮೆರಿಕನ್ ಡೈಮಂಡೋ, ಬಳೆ ಚೂರೋ, ಆ ಮುದ್ರೆ ಹೇಳಲ್ಲ. ನಾನೂ ಎಷ್ಟೋ ವರ್ಷ ನಿಮ್ಮ ಹಾಗೇ ಅಂದುಕೊಂಡಿದ್ದೆ.

ಲೂಪ್ ಭಟ್ಟ:
ನಾನು ಹನ್ನೊಂದು ವರ್ಷ ಕಲ್ಲು ವಿಂಗಡಿಸುವ ಕೆಲಸದಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ಲ್ಯಾಬಿನಲ್ಲೇ. ಈಗ ಬಿಟ್ಟಿದ್ದೇನೆ, ಕಣ್ಣು ಸೋತಿತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ "ಸರ್ಟಿಫಿಕೇಟ್" ಅನ್ನೋ ಮಾತನ್ನು ಮರೆತುಬಿಡಿ. ವಜ್ರ ಪರೀಕ್ಷೆ ಮಾಡುವ ಅಮೆರಿಕದ ಸಂಸ್ಥೆ ಜಿಐಎ ತಾನು ಕೊಡೋದನ್ನು ಗ್ರೇಡಿಂಗ್ ರಿಪೋರ್ಟ್ ಅಂತಲೇ ಕರೆಯುತ್ತದೆ. ಈ ಕಲ್ಲು ನಮ್ಮ ಕೈಗೆ ಬಂದ ದಿನ ನಮಗೆ ಹೀಗೆ ಕಂಡಿತು, ಇಷ್ಟು ತೂಗಿತು, ಇಷ್ಟು ಅಗಲ ಇತ್ತು ಅನ್ನೋ ವರದಿ ಅದು. ಬೆಲೆ ಅದರಲ್ಲಿ ಇರೋದೇ ಇಲ್ಲ. ನಿಮ್ಮ ಕಾರ್ಡಿನಲ್ಲಿ "ಮೌಲ್ಯ ಇಷ್ಟು ಲಕ್ಷ" ಅಂತ ಏನಾದರೂ ಇದ್ದರೆ ಅದು ವರದಿ ಅಲ್ಲ, ಮಾರಾಟದ ಮಾತು.

ಲ್ಯಾಬಿನಲ್ಲಿ ಏನು ಮಾಡುತ್ತಾರೆ ಅಂತ ಹೇಳ್ತೀನಿ. ಬಣ್ಣ ನೋಡೋಕೆ ಕಲ್ಲನ್ನು ತಲೆಕೆಳಗಾಗಿ, ಅಂದರೆ ಮೇಲಿನ ಚಪ್ಪಟೆ ಮುಖ ಕೆಳಗೆ ಬರೋ ಹಾಗೆ ಬಿಳಿ ತಟ್ಟೆಯಲ್ಲಿ ಇಡುತ್ತೇವೆ. ಪಕ್ಕದಲ್ಲಿ ಮೊದಲೇ ಬಣ್ಣ ನಿಗದಿ ಮಾಡಿದ ಮಾದರಿ ಕಲ್ಲುಗಳ ಸಾಲು. ಹೊಸ ಕಲ್ಲನ್ನು ಒಂದೊಂದರ ಪಕ್ಕ ಸರಿಸುತ್ತಾ ಹೋಗಬೇಕು. ಇದರ ಪಕ್ಕ ಬಿಳಿ ಕಾಣುತ್ತದೆ, ಮುಂದಿನದರ ಪಕ್ಕ ಹಳದಿ ಕಾಣುತ್ತದೆ, ಆಗ ಎರಡರ ನಡುವೆ ಅಂತ ಬರೆಯೋದು. ಬೆಳಕು ಒಂದೇ ತರಹದ್ದು ಇರಬೇಕು. ಊಟ ಆದ ಮೇಲೆ ಮೊದಲ ಹತ್ತು ನಿಮಿಷ ಯಾರೂ ಬಣ್ಣ ನೋಡಬಾರದು ಅಂತ ನಮ್ಮ ಹಿರಿಯರೊಬ್ಬರ ನಿಯಮ ಇತ್ತು, ಯಾಕೆ ಅಂತ ಕೇಳಿದರೆ ನಗೋರು. ಡಿ ಅಂದರೆ ಬಣ್ಣವೇ ಇಲ್ಲ, ಅಲ್ಲಿಂದ ಹಳದಿ ಏರುತ್ತಾ ಝಡ್ ತನಕ 23 ಮೆಟ್ಟಿಲು. ಎ, ಬಿ, ಸಿ ಯಾಕಿಲ್ಲ ಅಂದರೆ, ಮೊದಲು ಒಬ್ಬೊಬ್ಬ ವ್ಯಾಪಾರಿಯೂ ಎ, ಡಬಲ್ ಎ ಅಂತ ತನಗೆ ಬೇಕಾದ ಹಾಗೆ ಕರೀತಿದ್ದ. 1950ರ ದಶಕದಲ್ಲಿ ಜಿಐಎಯ ರಿಚರ್ಡ್ ಲಿಡಿಕೋಟ್ ಹೊಸ ಪಟ್ಟಿ ಮಾಡುವಾಗ ಆ ಹಳೇ ಅಕ್ಷರಗಳನ್ನೇ ಬಿಟ್ಟು ಡಿಯಿಂದ ಶುರು ಮಾಡಿದರು.

ಈಗ ನಿಮ್ಮ ಕಾರ್ಡಿಗೆ ಬನ್ನಿ. ಇಎಫ್ ಅಂತ ಒಂದು ಬಣ್ಣ ಇಲ್ಲ. ಇ ಒಂದು, ಎಫ್ ಇನ್ನೊಂದು. ಕ್ಲಾರಿಟಿ ಅಂದರೆ ಒಳಗೆ ಚುಕ್ಕೆ, ಗೆರೆ ಎಷ್ಟು ಕಡಿಮೆ ಅನ್ನೋದು, ಅದರಲ್ಲಿ ವಿವಿಎಸ್ ಅಂದರೂ ವಿವಿಎಸ್1, ವಿವಿಎಸ್2 ಎರಡಿದೆ. ಒಡವೆಗೆ ಕೂರಿಸಿದ ಕಲ್ಲನ್ನು ಕರಾರುವಾಕ್ಕಾಗಿ ನೋಡೋಕೆ ಆಗಲ್ಲ. ಹಳದಿ ಚಿನ್ನದ ಬಣ್ಣ ಕಲ್ಲಿನೊಳಗೆ ಇಳಿಯುತ್ತದೆ. ಹಿಡಿದಿರೋ ಕಡ್ಡಿಯ ಕೆಳಗೆ ಚುಕ್ಕೆ ಇದ್ದರೆ ಕಾಣಲ್ಲ. ತೂಕವೂ ಅಳತೆಯಿಂದ ಹಾಕಿದ ಅಂದಾಜು. ಅದಕ್ಕೇ ಒಡವೆಯ ವರದಿಯಲ್ಲಿ "ಇಂದ ಇಲ್ಲಿವರೆಗೆ" ಅಂತ ಕೊಡುತ್ತಾರೆ. ಅದು ತಪ್ಪಲ್ಲ. ಐಜಿಐ ಅನ್ನೋ ಇನ್ನೊಂದು ಲ್ಯಾಬ್ ಇಂಥ ಒಡವೆ ವರದಿ ಕೊಡುತ್ತದೆ, ನಮ್ಮ ದೇಶದ ಅಂಗಡಿಗಳಲ್ಲಿ ಜಾಸ್ತಿ ಕಾಣೋದು ಅದೇ. ಜಿಐಎಯವರು ಗ್ರೇಡ್ ಕೊಡೋದು ಬಿಡಿ ಕಲ್ಲಿಗೆ ಮಾತ್ರ.

0.84 ಭಾಗಿಸು 14, ಒಂದು ಕಲ್ಲಿಗೆ 0.06 ಕ್ಯಾರಟ್, ಅಂದರೆ 6 ಸೆಂಟು. ಅಗಲ ಎರಡೂವರೆ ಮಿಲಿಮೀಟರ್ ಆಸುಪಾಸು. ಜಿಐಎಯ ಚಿಕ್ಕ ವರದಿ ಶುರುವಾಗೋದೇ 15 ಸೆಂಟಿನಿಂದ. ಆರು ಸೆಂಟಿನ ಹದಿನಾಲ್ಕು ಕಲ್ಲಿಗೆ ಒಂದೊಂದಕ್ಕೂ ರಿಪೋರ್ಟ್ ಸಿಗಲಿ ಅಂತ ಕಾಯಬೇಡಿ. ಅಷ್ಟು ಚಿಕ್ಕದಕ್ಕೆ ಇ ಬಣ್ಣವೋ ಜಿ ಬಣ್ಣವೋ ಕಿವಿಯಲ್ಲಿ ಯಾರಿಗೂ ಕಾಣಲ್ಲ, ಆದರೆ ಬಿಲ್ಲಿನಲ್ಲಿ ಕಾಣುತ್ತದೆ!

ನನ್ನ ಪ್ರಶ್ನೆ ಒಂದೇ. ಆ ಕಾರ್ಡಿನ ಮೇಲೆ ಯಾರ ಹೆಸರಿದೆ? ಕ್ಯೂಆರ್ ಒತ್ತಿದರೆ ಎಲ್ಲಿಗೆ ಹೋಗುತ್ತದೆ?

ಶರಾವತಿ ತೀರದವಳು:
ಸರ್, ನೀವು ಹೇಳಿದ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಯಾವುದೋ "ಜೆಮ್ ಲ್ಯಾಬ್" ಅಂತಿದೆ, ವಿಳಾಸ ಇಲ್ಲ. ಕ್ಯೂಆರ್ ಆ ಅಂಗಡಿಯ ಸ್ವಂತ ವೆಬ್‌ಸೈಟಿಗೇ ಹೋಯಿತು. ಅಲ್ಲೂ ಅದೇ ನಾಲ್ಕು ಸಾಲು.

ಲೂಪ್ ಭಟ್ಟ:
ಹಾಗಾದರೆ ಅಂಗಡಿಯವರು ಹೇಳಿದ್ದನ್ನೇ ಪ್ಲಾಸ್ಟಿಕ್ಕಿನ ಮೇಲೆ ಹಾಕಿದ್ದಾರೆ ಅಷ್ಟೇ. ಕಲ್ಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನಿಜವಾಗಿ ಇಎಫ್ ಇದ್ದರೂ ಇರಬಹುದು. ಆದರೆ ಮಾರುವವನೇ ಪರೀಕ್ಷೆ ಬರೆದು ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಫ್ರೀಮಾಂಟ್ ಕನ್ನಡಿಗ:
ಒಳ್ಳೆ ಲ್ಯಾಬಿನ ಹೆಸರಿದ್ದ ಮಾತ್ರಕ್ಕೆ ಮುಗೀತು ಅಂತಲೂ ಅಲ್ಲ. ನಿಶ್ಚಿತಾರ್ಥದ ಉಂಗುರಕ್ಕೆ ಬಿಡಿ ಕಲ್ಲು ಹುಡುಕುವಾಗ ನನ್ನ ಮುಂದೆ ಎರಡು ಬಂದವು. ಎರಡೂ 1.01 ಕ್ಯಾರಟ್, ಎರಡೂ ಜಿ, ಎರಡೂ ವಿಎಸ್2, ಎರಡೂ ಜಿಐಎ. ಒಂದು 900 ಡಾಲರ್ ಕಡಿಮೆ. ಲಾಟರಿ ಹೊಡೀತು ಅಂದುಕೊಂಡೆ. ಆಮೇಲೆ ಅಳತೆಯ ಸಾಲು ಓದಿದೆ. ಬೆಲೆ ಜಾಸ್ತಿ ಇದ್ದದ್ದು ಸುಮಾರು 6.5 ಮಿಲಿಮೀಟರ್ ಅಗಲ, ಕಡಿಮೆಯದ್ದು 6.2. ಒಂದು ಕ್ಯಾರಟ್ ದುಂಡು ಕಲ್ಲು 6.5 ಹತ್ತಿರ ಇರಬೇಕು. ಉಳಿದ ತೂಕವೆಲ್ಲ ಹೊಟ್ಟೆಯಲ್ಲಿತ್ತು, ಡೆಪ್ತ್ 65 ಶೇಕಡಾ ದಾಟಿತ್ತು! ಕಾಣೋಕೆ ಮುಕ್ಕಾಲು ಚಿಲ್ಲರೆ, ದುಡ್ಡು ಒಂದಕ್ಕೆ. ಕಟ್ ಅನ್ನೋ ಸಾಲಿನಲ್ಲಿ ಒಂದಕ್ಕೆ ಎಕ್ಸಲೆಂಟ್, ಇನ್ನೊಂದಕ್ಕೆ ಗುಡ್ ಅಂತ ಇತ್ತು. ಗುಡ್ ಅಂದರೆ ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ ನಾನು. ಐದರಲ್ಲಿ ಮೂರನೇದು ಅದು!

ಲೂಪ್ ಭಟ್ಟ:
ಸರಿಯಾಗಿ ಹಿಡಿದಿರಿ. ಜಿಐಎ ಕಟ್‌ಗೆ ಗ್ರೇಡ್ ಕೊಡೋಕೆ ಶುರು ಮಾಡಿದ್ದೇ 2006ರಲ್ಲಿ, ಅದೂ ದುಂಡು ಕಲ್ಲಿಗೆ. ಹೊಳಪು ಬರೋದು ಕಟ್‌ನಿಂದ. ಬಣ್ಣ, ಕ್ಲಾರಿಟಿಗೆ ಜನ ಬಡಿದಾಡುತ್ತಾರೆ, ಕಟ್ ಸಾಲನ್ನು ಓದೋದೇ ಇಲ್ಲ.

ತೂಕದಲ್ಲೂ ಒಂದು ಮಜಾ ಇದೆ. ತಕ್ಕಡಿ 0.998 ತೋರಿಸಿದರೆ ಜಿಐಎ 0.99 ಅಂತಲೇ ಬರೆಯುತ್ತದೆ, 0.999 ಆದರೆ ಮಾತ್ರ 1.00. ಈ ಒಂದು ಚೂರಿಗೆ ಬೆಲೆ ದಬ್ಬನೆ ಏರುತ್ತದೆ. ಅದಕ್ಕೇ ಕಟಿಂಗ್ ಮಾಡೋರು ಒಂದು ಕ್ಯಾರಟ್ ಉಳಿಸೋಕೆ ಹೊಟ್ಟೆ ದಪ್ಪ ಬಿಡೋದು. ನಿಮಗೆ ಸಿಕ್ಕಿದ್ದು ಅಂಥದ್ದೇ.

ಅರಳಿಕಟ್ಟೆ:
ನಮ್ಮ ಕಡೆ ವಜ್ರ ಆಗಿಬರಬೇಕು ಅಂತ ಮೂರು ದಿನ ಮನೇಲಿಟ್ಟು ನೋಡಿ ತಗೋತಾರೆ. ಕಾಕಪಾದ ಇದ್ದರೆ ಮನೆಗೆ ಆಗಲ್ಲ ಅಂತಾರೆ. ಆ ವಿಷಯ ರಿಪೋರ್ಟಿನಲ್ಲಿ ಬರುತ್ತಾ? 😀

ಲೂಪ್ ಭಟ್ಟ:
ಹೆಸರು ಬರಲ್ಲ, ಚಿತ್ರ ಬರುತ್ತದೆ. ಪೂರ್ತಿ ರಿಪೋರ್ಟಿನಲ್ಲಿ ಕಲ್ಲಿನ ನಕ್ಷೆ ಹಾಕಿ ಒಳಗಿನ ಗೆರೆ, ಚುಕ್ಕೆ, ಮೋಡದಂಥ ಮಬ್ಬು ಎಲ್ಲೆಲ್ಲಿ ಇದೆ ಅಂತ ಗುರುತು ಮಾಡಿರುತ್ತಾರೆ. ಕಾಗೆ ಕಾಲು ಇದೆಯಾ ಅಂತ ನೀವೇ ಹುಡುಕಿಕೊಳ್ಳಿ. ಕ್ಲಾರಿಟಿಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ನೋಡಿ ಕೊಡೋದು. ವಿಎಸ್‌ಗಿಂತ ಕೆಳಗಿನ ಎಸ್‌ಐ1 ಕಲ್ಲುಗಳಲ್ಲೂ ಎಷ್ಟೋ ಬರಿಗಣ್ಣಿಗೆ ಶುಭ್ರವಾಗೇ ಇರುತ್ತವೆ. ಅದಕ್ಕೂ ಕೆಳಗಿನ ಐ1, ಐ2 ಅಂದರೆ ಹುಷಾರು. ಸಣ್ಣ ಅಕ್ಷರದ ಕಮೆಂಟ್ ಸಾಲನ್ನೂ ಓದಿ. "ಗ್ರೇಡ್‌ಗೆ ಕಾರಣವಾದ ಮಬ್ಬನ್ನು ನಕ್ಷೆಯಲ್ಲಿ ತೋರಿಸಿಲ್ಲ" ಅನ್ನೋ ಅರ್ಥದ ಸಾಲಿದ್ದರೆ ಕಲ್ಲನ್ನು ಕಣ್ಣಾರೆ ನೋಡದೆ ತಗೋಬೇಡಿ, ಹಾಲು ಹಾಕಿದ ಹಾಗೆ ಮಂಕಾಗಿರಬಹುದು.

ಸುಟ್ಟ ಬೆರಳು:
ನನ್ನ ಕಥೆ ಹೇಳ್ತೀನಿ. 2021ರಲ್ಲಿ ಹೆಂಡತಿಗೆ 40 ಸೆಂಟಿನ ಉಂಗುರ ತಗೊಂಡೆ, ಊರ ಹೆಸರು ಅಂಗಡಿ ಹೆಸರು ಬೇಡ. ಬಿಲ್ಲಿನಲ್ಲಿ "ಡೈಮಂಡ್ ರಿಂಗ್" ಅಂತ ಮಾತ್ರ. ಕಾರ್ಡಿನಲ್ಲೂ ಅಷ್ಟೇ. ಹೋದ ವರ್ಷ ಬೇರೆ ಕಡೆ ಬದಲಾಯಿಸೋಕೆ ಹೋದೆ. ಅವರು ಪೆನ್ನಿನಂಥ ಟೆಸ್ಟರ್ ಇಟ್ಟರು, ಬೀಪ್ ಅಂದಿತು, ನಾನು ಖುಷಿಯಾದೆ. ಆಮೇಲೆ ಇನ್ನೊಂದು ಡಬ್ಬಿಯಂಥ ಯಂತ್ರದೊಳಗೆ ಇಟ್ಟು "ಸರ್ ಇದು ಸಿವಿಡಿ" ಅಂದರು. ಲ್ಯಾಬಿನಲ್ಲಿ ಬೆಳೆಸಿದ್ದು. ಹಳೇ ಅಂಗಡಿಗೆ ಹೋದರೆ "ನಾವು ನ್ಯಾಚುರಲ್ ಅಂತ ಎಲ್ಲಿ ಬರೆದಿದ್ದೇವೆ ತೋರಿಸಿ" ಅಂತ ಕೇಳಿದರು. ತೋರಿಸೋಕೆ ಏನೂ ಇರಲಿಲ್ಲ ನನ್ನ ಹತ್ತಿರ.

ಹಾಸನದ ಹುಡುಗ:
ಅಯ್ಯೋ. ಲ್ಯಾಬ್ ವಜ್ರ ಅಂದರೆ ನಕಲಿ ತಾನೇ? ಟೆಸ್ಟರ್ ಯಾಕೆ ಬೀಪ್ ಅಂದಿತು?

ಲೂಪ್ ಭಟ್ಟ:
ನಕಲಿ ಅಲ್ಲ. ಅದೂ ಇಂಗಾಲವೇ, ವಜ್ರವೇ. ಭೂಮಿಯ ಬದಲು ಯಂತ್ರದಲ್ಲಿ ಕೆಲವು ವಾರದಲ್ಲಿ ಬೆಳೆದದ್ದು. 2023ರಲ್ಲಿ ನಮ್ಮ ಪ್ರಧಾನಿ ಮೋದಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರಟ್ ವಜ್ರವೂ ಲ್ಯಾಬಿನದ್ದೇ. ಪೆನ್ ಟೆಸ್ಟರ್ ನೋಡೋದು ಕಲ್ಲು ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಅಂತ. ಲ್ಯಾಬ್ ವಜ್ರ ಪಾಸ್ ಆಗುತ್ತದೆ, ವಜ್ರವೇ ಅಲ್ಲದ ಮೊಯ್ಸನೈಟ್ ಕೂಡ ಹಳೇ ಟೆಸ್ಟರಿನಲ್ಲಿ ಪಾಸ್ ಆಗಿಬಿಡುತ್ತದೆ. ಅಮೆರಿಕನ್ ಡೈಮಂಡ್ ಮಾತ್ರ ಸಿಕ್ಕಿಬೀಳುತ್ತದೆ. ಅಂಗಡಿಯವರು ನಿಮ್ಮ ಮುಂದೆ ಬೀಪ್ ಮಾಡಿ ತೋರಿಸಿದರೆ ಅದರಿಂದ ಗೊತ್ತಾಗೋದು ಬಹಳ ಕಡಿಮೆ.

ಮೋಸ ಇರೋದು ಬೆಲೆಯಲ್ಲಿ. ಲ್ಯಾಬ್ ವಜ್ರದ ಬೆಲೆ ವರ್ಷ ವರ್ಷ ಇಳಿದಿದೆ. ಹಾಗಾಗಿ ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ಪದ "ನ್ಯಾಚುರಲ್" ಅಥವಾ "ಲ್ಯಾಬೊರೇಟರಿ ಗ್ರೋನ್". ಐಜಿಐ ಎರಡಕ್ಕೂ ರಿಪೋರ್ಟ್ ಕೊಡುತ್ತದೆ, ಆದ್ದರಿಂದ "ಐಜಿಐ ಇದೆ ಸರ್" ಅಂದ ಮಾತ್ರಕ್ಕೆ ಗಣಿಯದ್ದು ಅಂತ ಅರ್ಥ ಅಲ್ಲ. ಜಿಐಎಯವರು 2025ರ ಅಕ್ಟೋಬರಿನಿಂದ ಲ್ಯಾಬ್ ಕಲ್ಲಿಗೆ ಡಿ, ಇ, ವಿವಿಎಸ್ ಅಂತ ಕೊಡೋದನ್ನೇ ಬಿಟ್ಟರು, ಬರೀ "ಪ್ರೀಮಿಯಂ", "ಸ್ಟ್ಯಾಂಡರ್ಡ್" ಅಷ್ಟೇ.

ತಿರುಪು_ಓಲೆ:
ಲ್ಯಾಬ್ ಲ್ಯಾಬಿಗೂ ಗ್ರೇಡ್ ಬೇರೆ ಬರುತ್ತೆ ಅಂತಾರಲ್ಲ, ನಿಜಾನಾ?

ಲೂಪ್ ಭಟ್ಟ:
ನಿಜ. ಇದು ಮನುಷ್ಯರ ಕಣ್ಣಿನ ಕೆಲಸ, ಒಂದು ಮೆಟ್ಟಿಲು ಆಚೆ ಈಚೆ ಸಹಜ. ಆದರೆ ನಾಲ್ಕು ಮೆಟ್ಟಿಲು ಆಚೆ ಹೋದರೆ ಅದು ಕಣ್ಣಿನ ತಪ್ಪಲ್ಲ. ಇಜಿಎಲ್ ಅಂತ ಲ್ಯಾಬುಗಳ ಒಂದು ಗುಂಪಿತ್ತು, ಗ್ರೇಡ್ ತೀರಾ ಧಾರಾಳವಾಗಿ ಕೊಡುತ್ತಾರೆ ಅಂತ ದೂರು ಜಾಸ್ತಿಯಾಗಿ 2014ರ ಅಕ್ಟೋಬರಿನಲ್ಲಿ ವಜ್ರ ವ್ಯಾಪಾರಿಗಳ ಆನ್‌ಲೈನ್ ಮಾರುಕಟ್ಟೆ ರಾಪ್‌ನೆಟ್ ಅವರ ರಿಪೋರ್ಟ್‌ಗಳನ್ನೇ ಪಟ್ಟಿಯಿಂದ ತೆಗೆಯಿತು. ಹಳೇ ಒಡವೆ ಜೊತೆ ಆ ಹೆಸರಿನ ಕಾಗದ ಸಿಕ್ಕರೆ ಬಣ್ಣದ ಸಾಲನ್ನು ನಂಬೋಕೆ ಹೋಗಬೇಡಿ, ಕಲ್ಲನ್ನು ಮತ್ತೆ ತೋರಿಸಿ.

ಆಚಾರ್ರ ಮೊಮ್ಮಗ:
ಎಲ್ಲರೂ ಹೊಸ ಓಲೆ ಬಗ್ಗೆ ಮಾತಾಡ್ತಿದ್ದೀರಿ. ನನಗೆ ಅಮ್ಮನವರ ಹಳೇ ಓಲೆ ಮೇಲೆ ಕಣ್ಣು! ನಮ್ಮ ತಾತ ಚಿಕ್ಕಪೇಟೆಯಲ್ಲಿ ಕೆಲಸ ಮಾಡ್ತಿದ್ದರು. ಅಮ್ಮಾ, ಓಲೆಯ ಹಿಂಭಾಗ ಚಿನ್ನದಿಂದ ಮುಚ್ಚಿದೆಯಾ ತೆರೆದಿದೆಯಾ? ಬೆಳಗಿನ ಬಿಸಿಲಿಗೆ ಹಿಡಿದರೆ ಕಲ್ಲು ನೀಲಿ ಹೊಡೆಯುತ್ತಾ? ಮನೇಲಿ ಯಾರಾದರೂ "ಬ್ಲೂ ಜಾಗರ್" ಅಂತ ಹೇಳ್ತಿದ್ದರಾ?

ಶರಾವತಿ ತೀರದವಳು:
ಮೈ ಜುಮ್ ಅಂತು! ಹಿಂಭಾಗ ಮುಚ್ಚಿದೆ. ಅಜ್ಜಿ "ಜಾಗರ್ ಕಲ್ಲು" ಅಂತಲೇ ಹೇಳ್ತಿದ್ದರು, ನಾವು ಯಾವುದೋ ಅಂಗಡಿ ಹೆಸರು ಅಂದುಕೊಂಡಿದ್ದೆವು. ಯಾರಾದರೂ ನೋಡೋಕೆ ಬಂದರೆ ಒಳಗೆ ತೋರಿಸ್ತಿರಲಿಲ್ಲ, ಜಗುಲಿಗೆ ಕರೆದು ತೋರಿಸ್ತಿದ್ದರು. ಯಾಕೆ ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ.

ಆಚಾರ್ರ ಮೊಮ್ಮಗ:
ನಿಮ್ಮ ಅಜ್ಜಿಗೆ ಗೊತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಜಾಗರ್ಸ್‌ಫಾಂಟೇನ್ ಅಂತ ಒಂದು ಗಣಿ, 1971ರಲ್ಲಿ ಮುಚ್ಚಿತು. ಅಲ್ಲಿಂದ ಬರುತ್ತಿದ್ದ ನೀಲಿ ಛಾಯೆಯ ಬಿಳಿ ಕಲ್ಲಿಗೆ ಆ ಹೆಸರು ಬಂತು. ಆಮೇಲೆ ಯಾವ ಗಣಿಯದ್ದಾದರೂ ಬಿಸಿಲಿಗೆ ನೀಲಿ ಹೊಡೆದರೆ ಜಾಗರ್ ಅಂದರು. ಬೆಂಗಳೂರು, ಮೈಸೂರು, ಮದ್ರಾಸು ಕಡೆ ಓಲೆ, ಮೂಗುಬೊಟ್ಟಿಗೆ ಅದೇ ಬೇಕು ಅನ್ನೋರು. ಈಗಲೂ "ಜಾಗರ್" ಅಂತ ಹೇಳಿ ಜಾಸ್ತಿ ದುಡ್ಡು ಕೇಳೋರು ಇದ್ದಾರೆ, ಯಾವ ಲ್ಯಾಬೂ ರಿಪೋರ್ಟಿನಲ್ಲಿ ಆ ಪದ ಬರೆಯಲ್ಲ.

ಲೂಪ್ ಭಟ್ಟ:
ರಿಪೋರ್ಟಿನಲ್ಲಿ ಅದು "ಫ್ಲೂರೊಸೆನ್ಸ್" ಅನ್ನೋ ಸಾಲಿನಲ್ಲಿ ಬರುತ್ತದೆ, "ಸ್ಟ್ರಾಂಗ್ ಬ್ಲೂ" ಅಂತ. ನೂರರಲ್ಲಿ 25ರಿಂದ 35 ವಜ್ರ ಯುವಿ ಬೆಳಕಿಗೆ ಹೊಳೆಯುತ್ತವೆ, ಅದರಲ್ಲಿ ಬಹುಪಾಲು ನೀಲಿಯೇ. ಬಿಸಿಲಿನಲ್ಲಿ ಯುವಿ ಇರುವುದರಿಂದ ಸ್ವಲ್ಪ ಹಳದಿ ಇರುವ ಕಲ್ಲೂ ಹೊರಗೆ ಬೆಳ್ಳಗೆ ಕಾಣುತ್ತದೆ. ಅಂಗಡಿಯ ದೀಪದಲ್ಲಿ ಯುವಿ ಇಲ್ಲ, ಅದಕ್ಕೇ ಅವರಿಗೆ ಬರೀ ಹಳದಿ ಕಂಡಿದೆ. ಅವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ.

ತಮಾಷೆ ನೋಡಿ. ಡಿ, ಇ, ಎಫ್ ಬಣ್ಣದ ಕಲ್ಲಿಗೆ ಸ್ಟ್ರಾಂಗ್ ಬ್ಲೂ ಅಂತ ಬಂದರೆ ಇವತ್ತಿನ ವ್ಯಾಪಾರದಲ್ಲಿ ಬೆಲೆ ಕಡಿಮೆ. ನಮ್ಮ ಅಜ್ಜಿಯರು ಅದಕ್ಕೇ ಜಾಸ್ತಿ ಕೊಟ್ಟು ತಗೋತಿದ್ದರು. 1997ರಲ್ಲಿ ಜಿಐಎ ಜನರಿಗೆ ಕಲ್ಲು ತೋರಿಸಿ ಪರೀಕ್ಷೆ ಮಾಡಿದಾಗ ಸಾಮಾನ್ಯರಿಗೆ ಫ್ಲೂರೊಸೆನ್ಸ್‌ನಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಬೆಲೆ ಇಳಿದದ್ದು ಇಳಿದೇ ಇದೆ.

ಅಮ್ಮ, ಮನೇಲಿ ನೋಟು ನೋಡುವ ಯುವಿ ಟಾರ್ಚ್ ಇದ್ದರೆ ಕತ್ತಲೆ ಕೋಣೆಯಲ್ಲಿ ಬಿಟ್ಟು ನೋಡಿ.

ಶರಾವತಿ ತೀರದವಳು:
ನೋಡಿದೆ. ಎರಡೂ ಓಲೆ ಸೇರಿ 14ರಲ್ಲಿ 11 ಕಲ್ಲು ಗ್ಯಾಸ್ ಒಲೆಯ ಉರಿ ತರಹ ನೀಲಿ ಆದವು. ಮೂರು ಕಪ್ಪಗೇ ಉಳಿದವು. ಆ ಮೂರು ನಕಲಿನಾ?

ಲೂಪ್ ಭಟ್ಟ:
ಹಾಗೇನಿಲ್ಲ, ಗಣಿಯ ವಜ್ರದಲ್ಲೂ ಹೊಳೆಯದ್ದೇ ಜಾಸ್ತಿ. ಯಾವಾಗಲೋ ಕಲ್ಲು ಬಿದ್ದು ಬೇರೆ ಕೂರಿಸಿರಬಹುದು. ಮಧ್ಯದ ಎರಡು ದೊಡ್ಡ ಕಲ್ಲನ್ನು ಮಾತ್ರ ಬಿಡಿಸಿ ಲ್ಯಾಬಿಗೆ ಕಳಿಸಿ, ಅಷ್ಟಕ್ಕೇ ಅಂದಾಜು ಸಿಗುತ್ತದೆ. ಬಿಡಿಸುವಾಗ ಎದುರಿಗೇ ಕೂತಿರಿ. ಕಲ್ಲು ಹೊರಬಂದ ತಕ್ಷಣ ತೂಕ ಹಾಕಿಸಿ ಚೀಟಿ ಬರೆಸಿಕೊಳ್ಳಿ. ಲೂಪಿಗೆ ಮೊಬೈಲ್ ಕ್ಯಾಮೆರಾ ಇಟ್ಟು ಒಳಗಿನ ಚುಕ್ಕೆಯ ಫೋಟೋ ತೆಗೆಯಿರಿ. ವಾಪಸ್ ಬಂದಾಗ ಅದೇ ಚುಕ್ಕೆ ಅದೇ ಜಾಗದಲ್ಲಿರಬೇಕು.

ಶರಾವತಿ ತೀರದವಳು:
ಐದು ವಾರ ಆಯಿತು, ಬರೆಯೋಕೆ ಆಗಿರಲಿಲ್ಲ, ಛತ್ರ ಹುಡುಕೋದರಲ್ಲೇ ಇದ್ದೆ.

ಆಚಾರ್ರ ಎದುರಿಗೆ ಮೂರು ಗಂಟೆ ಮಣೆ ಹಾಕಿಕೊಂಡು ಕೂತಿದ್ದೆ. ಹಿಂದಿನ ಮುಚ್ಚಳ ಬಿಡಿಸಿದಾಗ ಎಷ್ಟೋ ವರ್ಷದ ಎಣ್ಣೆ, ಸೀಗೆಪುಡಿ ಎಲ್ಲ ಕಪ್ಪಗೆ ಕೂತಿತ್ತು. ತೊಳೆದ ಮೇಲೆ ನನಗೆ ಗುರುತೇ ಸಿಗಲಿಲ್ಲ. ಎರಡು ಕಲ್ಲು, 21 ಸೆಂಟು, 22 ಸೆಂಟು. ರಿಪೋರ್ಟ್ ಬಂದಿದೆ: ನ್ಯಾಚುರಲ್, ಬಣ್ಣ ಎರಡಕ್ಕೂ ಕೆ, ಕ್ಲಾರಿಟಿ ಒಂದಕ್ಕೆ ವಿಎಸ್2, ಇನ್ನೊಂದಕ್ಕೆ ಎಸ್‌ಐ1, ಸ್ಟ್ರಾಂಗ್ ಬ್ಲೂ. "ಓಲ್ಡ್ ಯುರೋಪಿಯನ್" ಅಂತ ಕಟಿಂಗ್ ಹೆಸರಿದೆ, ಕಟ್ ಗ್ರೇಡ್ ಸಾಲು ಇಲ್ಲ. ಕಲ್ಲಿನ ಸೊಂಟದ ಮೇಲೆ, ಅಂದರೆ ನಡುವಿನ ಅಂಚಿನಲ್ಲಿ, ನಂಬರ್ ಕೊರೆದಿದ್ದಾರೆ, ಲೂಪಿನಲ್ಲಿ ಇರುವೆ ಸಾಲಿನ ಹಾಗೆ ಕಂಡಿತು. ಫೋಟೋದಲ್ಲಿದ್ದ ಚುಕ್ಕೆ ಅದೇ ಜಾಗದಲ್ಲಿದೆ.

ಅಂಗಡಿಗೂ ಹೋಗಿದ್ದೆ. "ಹೊಸ ಓಲೆ ತಗೋತೀನಿ, ಬಿಲ್ಲಿನಲ್ಲಿ ನ್ಯಾಚುರಲ್, ಇಎಫ್, ವಿವಿಎಸ್, 14 ಕಲ್ಲು ಅಂತ ಬರೆದು ಸೀಲ್ ಹಾಕಿ ಕೊಡಿ, ಐಜಿಐ ಒಡವೆ ರಿಪೋರ್ಟೂ ಮಾಡಿಸಿ, ಖರ್ಚು ನಾನೇ ಕೊಡ್ತೀನಿ" ಅಂದೆ. ಮ್ಯಾನೇಜರ್ ಬಂದರು, ಕಾಫಿ ತರಿಸಿದರು. "ಕಾರ್ಡ್ ಇದೆಯಲ್ಲ ಮೇಡಂ" ಅಂತ ನಾಲ್ಕು ಸಲ ಹೇಳಿದರು. ಕಾಫಿ ಚೆನ್ನಾಗಿತ್ತು, ಕುಡಿದು ಬಂದೆ.

ಸುಟ್ಟ ಬೆರಳು:
ಈ ಬುದ್ಧಿ ನನಗೆ 2021ರಲ್ಲಿ ಬಂದಿದ್ದರೆ!

ಲೂಪ್ ಭಟ್ಟ:
ಕೆ ಅಂತ ಬೇಜಾರಾಗಬೇಡಿ. ಓಲ್ಡ್ ಯುರೋಪಿಯನ್ ಅಂದರೆ ಹಳೇ ಕೈಕಟಿಂಗ್, ಇವತ್ತಿನ ಕಟ್ ಗ್ರೇಡ್ ಅದಕ್ಕೆ ಅನ್ವಯಿಸಲ್ಲ, ಅದಕ್ಕೇ ಸಾಲಿಲ್ಲ. ಮತ್ತೆ ಕೂರಿಸುವಾಗ ಹಿಂಭಾಗ ತೆರೆದು ಕೂರಿಸಿ, ಬೆಳಕು ಒಳಗೆ ಹೋಗಲಿ, ತೊಳೆಯೋಕೂ ಸುಲಭ.

ಆಚಾರ್ರ ಮೊಮ್ಮಗ:
ಸರ್, ಹಾಗೆ ಹೇಳಬೇಡಿ. ಮುಚ್ಚಿದ ಕೆಲಸ ಗೊತ್ತಿರೋರು ಈಗ ಎಷ್ಟು ಜನ ಉಳಿದಿದ್ದಾರೆ? ಅಮ್ಮ, ಇದ್ದ ಹಾಗೇ ಕೂರಿಸಿ.

ಶರಾವತಿ ತೀರದವಳು:
ನೀವಿಬ್ಬರೂ ಜಗಳ ಆಡಿ, ಮಗಳು ತೀರ್ಮಾನ ಮಾಡಿ ಆಯಿತು. ಟಾರ್ಚ್ ಬಿಟ್ಟು ನೋಡಿದ ದಿನದಿಂದ "ಹಳೇ ಸ್ಟೈಲ್" ಅನ್ನೋ ಮಾತೇ ಇಲ್ಲ, ಮುಚ್ಚಿದ ಹಾಗೇ ಬೇಕಂತೆ, ತಿರುಪು ಮಾತ್ರ ಹೊಸದು. ಈಗ ನಮ್ಮ ಚಿಕ್ಕಮ್ಮ ಅವರ ಮೂಗುಬೊಟ್ಟು ಹಿಡಿದುಕೊಂಡು ಶಿವಮೊಗ್ಗದಿಂದ ಬಸ್ಸು ಹತ್ತಿದ್ದಾರೆ, ಟಾರ್ಚ್ ತೆಗೆದಿಡು ಅಂತ ಫೋನ್ ಬೇರೆ.

ಅರಳಿಕಟ್ಟೆ:
ಆ ಟಾರ್ಚ್ ಎಲ್ಲಿ ತಗೊಂಡಿರಿ ಅಕ್ಕ, ಎಷ್ಟು?

ಶರಾವತಿ ತೀರದವಳು:
ನಮ್ಮ ಮೆಡಿಕಲ್ ಶಾಪಿನ ಗಲ್ಲಾ ಪೆಟ್ಟಿಗೆಯದ್ದು. ಇನ್ನೂ ವಾಪಸ್ ಇಟ್ಟಿಲ್ಲ, ಯಜಮಾನರು ಎರಡು ದಿನದಿಂದ ಐನೂರರ ನೋಟನ್ನೆಲ್ಲ ಕಿಟಕಿಗೆ ಹಿಡಿದು ನೋಡ್ತಿದ್ದಾರೆ.